ಗಡಿಯಾರ ತಪ್ಪಿದ ಕಂಪ್ಯೂಟರ್

ಕಂಪ್ಯೂಟರಿನ ಗಡಿಯಾರ ತೀರಾ ತಪ್ಪಿದರೆ ಮೊದಲು ಎಡವುವುದು ಬ್ರೌಸರ್. ಜಾಲತಾಣಗಳ ಭದ್ರತಾ ಪ್ರಮಾಣಪತ್ರಕ್ಕೆ ಅವಧಿಯಿರುವುದರಿಂದ ಬ್ಯಾಂಕಿನ ಪುಟವೂ ತೆರೆಯದು. ಎಷ್ಟು ತಪ್ಪಿದೆ ಎಂಬುದರಲ್ಲೇ ಕಾರಣದ ಸುಳಿವಿದೆ.

ಪ್ರತಿಸಲ ಆನ್ ಮಾಡಿದಾಗಲೂ ಹಳೆಯ ವರ್ಷ ಕಾಣಿಸಿದರೆ ಮದರ್‌ಬೋರ್ಡಿನ ಬ್ಯಾಟರಿ ಮುಗಿದಿರುವ ಸಾಧ್ಯತೆ ಹೆಚ್ಚು. ಡೆಸ್ಕ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ 3 ವೋಲ್ಟಿನ ಸಿಆರ್2032. ಸರಿಯಾಗಿ ಐದೂವರೆ ಗಂಟೆ ವ್ಯತ್ಯಾಸವಿದ್ದರೆ ಬ್ಯಾಟರಿಯನ್ನು ದೂರುವುದು ಅನ್ಯಾಯ. ಭಾರತೀಯ ಕಾಲಮಾನ ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಗಿಂತ ಅಷ್ಟೇ ಮುಂದಿದೆ. ಟೈಮ್ ಝೋನ್ ತಪ್ಪಾಗಿರಬೇಕು, ಇಲ್ಲವೇ ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡೂ ಇರಬೇಕು. ಒಳಗಿನ ಗಡಿಯಾರವನ್ನು ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ ಎಂದು, ವಿಂಡೋಸ್ ಸ್ಥಳೀಯ ಸಮಯವೆಂದು ಓದುತ್ತದೆ. ಎರಡನ್ನೂ ಒಂದೇ ಪದ್ಧತಿಗೆ ತಂದರೆ ಸಾಕು.

ಕೆಲವೇ ನಿಮಿಷ ಹಿಂದುಮುಂದಾಗಿದ್ದರೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ ನೌ’ ಒತ್ತಬೇಕು. ಆಗಲೂ ಸರಿಹೋಗದಿದ್ದರೆ ‘ವಿಂಡೋಸ್ ಟೈಮ್’ ಸೇವೆ ನಿಂತಿದೆಯೇ, ಫೈರ್‌ವಾಲ್ ಯುಡಿಪಿ 123ನೇ ಪೋರ್ಟನ್ನು ತಡೆಯುತ್ತಿದೆಯೇ ಎಂದು ನೋಡಬೇಕು.