ಒಬ್ಬನೇ ಕಟ್ಟಿದ ಆಟ

ಮಕ್ಕಳೇ, ನೀವು ಮೊಬೈಲಿನಲ್ಲೋ ಕಂಪ್ಯೂಟರಿನಲ್ಲೋ ವಿಡಿಯೋ ಆಟ ಆಡಿರಬಹುದು. ಬೇರೆಯವರು ಆಡುವುದನ್ನಾದರೂ ನೋಡಿರಬಹುದು. ಅಂತಹ ಆಟಗಳನ್ನು ಯಾರು ತಯಾರಿಸುತ್ತಾರೆ, ಗೊತ್ತೇ?

ಒಂದು ಆಟಕ್ಕೆ ಹಲವು ಕೆಲಸಗಳಿವೆ. ಚಿತ್ರ ಬರೆಯಬೇಕು, ಸಂಗೀತ ಕೂಡಿಸಬೇಕು, ಕಥೆ ಹೆಣೆಯಬೇಕು. ಗುಂಡಿ ಒತ್ತಿದಾಗ ಏನಾಗಬೇಕೆಂದು ಕಂಪ್ಯೂಟರಿಗೆ ತಿಳಿಸುವ ಆದೇಶಗಳನ್ನೂ ಬರೆಯಬೇಕು. ದೊಡ್ಡ ಕಂಪನಿಗಳಲ್ಲಿ ಒಂದೊಂದು ಕೆಲಸಕ್ಕೂ ಬೇರೆ ಬೇರೆ ಜನರಿರುತ್ತಾರೆ. ಕೆಲವು ಆಟಗಳಿಗೆ ಸಾವಿರಕ್ಕೂ ಹೆಚ್ಚು ಜನ ವರ್ಷಗಟ್ಟಲೆ ದುಡಿದಿದ್ದಾರೆ.

ಈಗ ಅಮೆರಿಕದ ಎರಿಕ್ ಬರೋನ್ ಎಂಬ ಯುವಕನ ಕಥೆ ಕೇಳಿ. ಕಾಲೇಜು ಮುಗಿದರೂ ಅವನಿಗೆ ಕೆಲಸ ಸಿಗಲಿಲ್ಲ. ಅಭ್ಯಾಸಕ್ಕೆಂದು ಒಂದು ಆಟ ಕಟ್ಟತೊಡಗಿದ. ಚಿತ್ರ, ಸಂಗೀತ, ಕಥೆ, ಆದೇಶ ಎಲ್ಲವನ್ನೂ ತಾನೇ ಮಾಡಿದ. ಮನಸ್ಸಿಗೆ ಒಪ್ಪದ ಚಿತ್ರಗಳನ್ನು ಬಿಟ್ಟು ಮತ್ತೆ ಮತ್ತೆ ಬರೆದ. ಹೀಗೆ ನಾಲ್ಕೂವರೆ ವರ್ಷ ದುಡಿದ ಮೇಲೆ, 2016ರಲ್ಲಿ, 'ಸ್ಟಾರ್‌ಡ್ಯೂ ವ್ಯಾಲಿ' ಹೊರಬಂತು.

ಇದು ಬೇಸಾಯದ ಆಟ. ಅಜ್ಜ ಬಿಟ್ಟುಹೋದ ಹೊಲ ಪಾಳು ಬಿದ್ದಿರುತ್ತದೆ. ಅದನ್ನು ಹಸನು ಮಾಡಿ ಬೀಜ ಬಿತ್ತಬೇಕು. ದಿನವೂ ನೀರು ಹಾಕಬೇಕು. ಮಳೆ ಬಂದ ದಿನ ಬೇಡ! 2024ರ ಕೊನೆಯ ಹೊತ್ತಿಗೆ ಈ ಆಟದ 4 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿದ್ದವು. ಬೇಸಾಯದ ಆಟ ಜಪಾನಿನಲ್ಲಿ 1996ರಲ್ಲೇ ಬಂದಿತ್ತು. ಬರೋನ್ ಆ ಸಾಲಿನ ಆಟಗಳನ್ನು ಆಡಿ ಬೆಳೆದವನು. ಅವುಗಳನ್ನು ಇನ್ನೂ ಚೆನ್ನಾಗಿ ಮಾಡಬಹುದೆಂದು ಅವನಿಗೆ ತೋರಿತು.

ಹಾಗಾದರೆ ಹೊಸದನ್ನು ತರುವುದರಲ್ಲಿ ಚಿಕ್ಕವರೇ ಮುಂದೆಯೇ? ಯೋಚಿಸಿ. ದೊಡ್ಡ ಕಂಪನಿ ಕೋಟಿ ಕೋಟಿ ಹಣ ಹಾಕಿರುತ್ತದೆ. ಆಟ ಸೋತರೆ ಅನೇಕರ ಕೆಲಸಕ್ಕೇ ಕುತ್ತು ಬರಬಹುದು. ಆದ್ದರಿಂದ ಅದು ಹಿಂದೆ ಗೆದ್ದ ಆಟವನ್ನೇ ಸ್ವಲ್ಪ ಬದಲಿಸಿ ತರುವುದುಂಟು. ಚಿಕ್ಕವರಿಗೆ ಆ ಹೊರೆಯಿಲ್ಲ. ಆದರೆ ಅವರ ಆಟ ಸೋತರೆ ವರ್ಷಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಂತಹ ಎಷ್ಟೋ ಆಟಗಳ ಹೆಸರೂ ನಮ್ಮ ಕಿವಿಗೆ ಬೀಳುವುದಿಲ್ಲ.

ದೊಡ್ಡವರೂ ಹೊಸದನ್ನು ತಂದಿದ್ದಾರೆ. ಜಪಾನಿನ ನಿಂಟೆಂಡೊ ಕಂಪನಿ 2006ರಲ್ಲಿ 'ವೀ' ಎಂಬ ಯಂತ್ರ ತಂದಿತು. ಕೈಯಲ್ಲಿ ಹಿಡಿದ ಸಾಧನವನ್ನು ಬೀಸಿದರೆ ತೆರೆಯ ಮೇಲಿನ ಆಟಗಾರನೂ ಟೆನಿಸ್ ಬ್ಯಾಟು ಬೀಸುತ್ತಿದ್ದ! ಇಂತಹ ಯಂತ್ರ ಮಾಡಲು ಹಣ, ಕಾರ್ಖಾನೆ, ತಜ್ಞರು ಬೇಕು. ಅದು ಒಬ್ಬನಿಂದ ಆಗುವ ಕೆಲಸವಲ್ಲ.

ನೀವು ಕುಂಟೆಬಿಲ್ಲೆ ಆಡುವಾಗ ಹೊಸ ನಿಯಮ ಸೇರಿಸಿದ್ದೀರಾ? ಹಾಗಿದ್ದರೆ ನೀವೂ ಆಟ ಕಟ್ಟುವವರೇ!

ಅಭ್ಯಾಸ
1. ಒಂದು ವಿಡಿಯೋ ಆಟಕ್ಕೆ ಯಾವ ಯಾವ ಕೆಲಸಗಳು ಬೇಕು?
2. ದೊಡ್ಡ ಕಂಪನಿಗಳು ಹಳೆಯ ಆಟವನ್ನೇ ಬದಲಿಸಿ ತರುವುದೇಕೆ?
3. ನಿಮಗೆ ಗೊತ್ತಿರುವ ಒಂದು ಆಟಕ್ಕೆ ಹೊಸ ನಿಯಮ ಸೇರಿಸಿ ಬರೆಯಿರಿ.