ಕಡ್ಡಿಗೆ ಪೋಣಿಸಿದ ತಂಪು

ಬೇಸಿಗೆಯ ರಜೆ ಬಂದಿತೆಂದರೆ ಬೆಂಗಳೂರಿನ ಮನೆಗಳಿಗೆ ನೆಂಟರೂ ಬಂದರೆಂದೇ ತಿಳಿಯಬೇಕು. ಪರೀಕ್ಷೆ ಮುಗಿಸಿದ ಮಕ್ಕಳು, ಅವರನ್ನು ಕರೆತಂದ ತಾಯಂದಿರು, ಮದುವೆಯ ಜವಳಿಗೆಂದು ಬಂದ ಬಂಧುಗಳು, 'ಇಲ್ಲೇ ಹತ್ತಿರಕ್ಕೆ ಬಂದಿದ್ದೆವು, ನೋಡಿಕೊಂಡು ಹೋಗೋಣವೆನಿಸಿತು' ಎನ್ನುವ ಹಳೆಯ ನೆರೆಹೊರೆಯವರು - ಏಪ್ರಿಲ್, ಮೇ ತಿಂಗಳುಗಳಲ್ಲಿ ಬಾಗಿಲ ಕರೆಗಂಟೆಗೆ ಬಿಡುವೆಂಬುದಿಲ್ಲ. ನಮ್ಮ ಕತ್ರಿಗುಪ್ಪೆಯಲ್ಲಂತೂ ಹೊರ ವರ್ತುಲ ರಸ್ತೆ ಮನೆಯ ಹತ್ತಿರವೇ ಹಾದುಹೋಗುವುದರಿಂದ, ಮೈಸೂರು ರಸ್ತೆಯ ಕಡೆಯಿಂದ ನಗರವನ್ನು ಹೊಕ್ಕವರಿಗೆ ನಮ್ಮ ಮನೆಯೇ ಮೊದಲ ತಂಗುದಾಣ.

ನೆಂಟರು ಬರುವುದು ಸಂತೋಷದ ಸಂಗತಿಯೇ. ಆದರೆ ಈ ಬಿಸಿಲು? 'ಬೆಂಗಳೂರಿನವರಿಗೆ ಬೀಸಣಿಗೆ ಬೇಡ' ಎಂದು ಹಿರಿಯರು ಹೆಮ್ಮೆಪಡುತ್ತಿದ್ದ ಕಾಲ ಕಳೆದುಹೋಯಿತು. 2016ರ ಏಪ್ರಿಲ್ ತಿಂಗಳಲ್ಲಿ ಇಲ್ಲಿಯ ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿತ್ತು. ಅಂತಹ ಮಧ್ಯಾಹ್ನದಲ್ಲಿಯೂ, ಅತಿಥಿಗಳು ಬಂದರೆಂದೊಡನೆ ನಮ್ಮ ಗೃಹಿಣಿಯ ಕೈ ತಾನಾಗಿಯೇ ಎಣ್ಣೆಯ ಬಾಣಲೆಯನ್ನು ಹುಡುಕುತ್ತದೆ. ಬೋಂಡಾ, ಬಜ್ಜಿ, ಹಪ್ಪಳಗಳಿಲ್ಲದ ಸತ್ಕಾರವೂ ಒಂದು ಸತ್ಕಾರವೇ ಎಂಬ ಅಳುಕು ಅವಳಿಗೆ.

ಈ ಅಳುಕಿಗೆ ನಾನೂ ಬೆಲೆ ತೆತ್ತವಳು. ಈ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ನಮ್ಮ ಸೋದರತ್ತೆ ಊರಿನಿಂದ ಬಂದಿದ್ದರು. ಅವರೊಡನೆ ಇನ್ನೂ ಏಳೆಂಟು ಮಂದಿ. ಒಬ್ಬರಿಗೆ ಬಿಸಿ ಬಜ್ಜಿ ಕೊಡುವಷ್ಟರಲ್ಲಿ ಮತ್ತೊಬ್ಬರ ತಟ್ಟೆ ಬರಿದಾಗುತ್ತಿತ್ತು. ನಾನು ಒಲೆಯ ಮುಂದೆ, ಅವರು ನಡುಮನೆಯಲ್ಲಿ. ಎರಡು ಬಾರಿ ಅಡಿಗೆಮನೆಯ ಬಾಗಿಲಿಗೆ ಬಂದು, 'ಸಾಕು ಬಾರೇ, ನಿನ್ನೊಡನೆ ಎರಡು ಮಾತು ಆಡಬೇಕು' ಎಂದರು. 'ಇದೊಂದು ಒಬ್ಬೆ ಮುಗಿಸಿ ಬಂದೆ ಅತ್ತೆ' ಎಂದೆ. ಒಬ್ಬೆ ಮುಗಿಯುವ ವೇಳೆಗೆ ಅವರ ಬಸ್ಸಿನ ಹೊತ್ತಾಗಿತ್ತು. ಕುಂಕುಮ ತೆಗೆದುಕೊಂಡು ಹೊರಟರು. ಆ ವರ್ಷದ ದೀಪಾವಳಿಗೆ ಅವರು ಇರಲಿಲ್ಲ. ಆ ಎರಡು ಮಾತು ಏನೆಂಬುದು ನನಗೆ ಇಂದಿಗೂ ತಿಳಿಯದು.

ಮರುವರ್ಷ ರಜೆಗೆ ಮನೆಗೆ ಬಂದ ಮಗಳು, 'ಅಮ್ಮ, ಈ ಸಲ ಬಾಣಲೆಯನ್ನು ಅಟ್ಟಕ್ಕೆ ಏರಿಸಿಬಿಡು' ಎಂದಳು. ಹಣ್ಣು, ಸೌತೆಕಾಯಿ, ಪುದೀನ ಇವುಗಳನ್ನು ಸಣ್ಣ ಬಿದಿರು ಕಡ್ಡಿಗಳಿಗೆ ಪೋಣಿಸಿ, ತಟ್ಟೆಯಲ್ಲಿ ಒಪ್ಪವಾಗಿ ಜೋಡಿಸಿ ಮುಂದಿಟ್ಟಳು. ಮೊದಲು ನನಗೆ ನಗು ಬಂದಿತು, ಅನಂತರ ಒಪ್ಪಿಗೆಯಾಯಿತು. ಆ ವಿಧಾನವನ್ನೇ ಈಗ ಓದುಗರ ಮುಂದಿಡುತ್ತಿದ್ದೇನೆ.

ನಮಗೆ ಹೊಸದೇನಲ್ಲ

'ಕಡ್ಡಿಗೆ ಚುಚ್ಚಿ ತಿನ್ನುವುದು ಪರದೇಶದವರ ಪದ್ಧತಿ' ಎಂದು ಮೂಗು ಮುರಿಯುವವರುಂಟು. ಅವರು ಮದುವೆಮನೆಯ ತಾಂಬೂಲವನ್ನು ನೆನೆಯಲಿ. ಮಡಿಸಿದ ವೀಳ್ಯ ಬಿಚ್ಚಿಕೊಳ್ಳದಂತೆ ಚುಚ್ಚಿದ ಲವಂಗ ಕಡ್ಡಿಯಲ್ಲದೆ ಮತ್ತೇನು? ಮುತ್ತುಗದ ಎಲೆಗಳನ್ನು ಕಡ್ಡಿಯಿಂದ ಹೆಣೆದು ಊಟದೆಲೆ ಮಾಡಿದವರು ನಮ್ಮ ಅಜ್ಜಿಯರೇ. ಇನ್ನೂ ಹಿಂದಕ್ಕೆ ಹೋದರೆ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಾಂಸದ ತುಂಡುಗಳನ್ನು ಶೂಲಕ್ಕೆ ಚುಚ್ಚಿ ಕೆಂಡದ ಮೇಲೆ ಸುಡುವ ಕ್ರಮ ಬರುತ್ತದೆ. ಅರಮನೆಯ ಶೂಲ ನಮ್ಮ ಮನೆಯಲ್ಲಿ ಬಿದಿರು ಕಡ್ಡಿಯಾಗಿದೆ. ಮಾಂಸದ ಸ್ಥಾನದಲ್ಲಿ ಕಲ್ಲಂಗಡಿ ಬಂದಿದೆ, ಅಷ್ಟೆ.

ಇದರಿಂದ ಇನ್ನೂ ಎರಡು ಅನುಕೂಲಗಳುಂಟು. ಮೊದಲನೆಯದು, ಎಂಜಲಿನ ಮಾತು. ಒಂದೇ ಬಟ್ಟಲಿಗೆ ಎಲ್ಲರೂ ಕೈಹಾಕುವುದನ್ನು ನಮ್ಮ ಹಿರಿಯರು ಒಪ್ಪುವುದಿಲ್ಲ. ಇಲ್ಲಿಯಾದರೋ ಪ್ರತಿಯೊಬ್ಬರಿಗೂ ಅವರದೇ ಕಡ್ಡಿ. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟಬೇಕಾಗಿಲ್ಲ. ಮಡಿಯ ಅತ್ತೆಯವರೂ ಆರೋಗ್ಯಶಾಸ್ತ್ರ ಓದಿದ ಸೊಸೆಯೂ ಒಂದೇ ಅಭಿಪ್ರಾಯಕ್ಕೆ ಬರುವ ಅಪರೂಪದ ಪ್ರಸಂಗವಿದು!

ಎರಡನೆಯದು ನೀರು. 2024ರ ಬೇಸಿಗೆಯನ್ನು ಬೆಂಗಳೂರಿನವರು ಮರೆಯುವಂತಿಲ್ಲ. ಕೊಳವೆ ಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದು ಕುಳಿತ ದಿನಗಳವು. ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡವನ್ನು ಗೊತ್ತುಮಾಡಿದ್ದು ಆ ಮಾರ್ಚ್ ತಿಂಗಳಿನಲ್ಲಿಯೇ. ಹತ್ತು ಮಂದಿಗೆ ಹತ್ತು ತಟ್ಟೆ, ಹತ್ತು ಚಮಚ, ಎಣ್ಣೆ ಹತ್ತಿದ ಬಾಣಲೆ - ಇವನ್ನೆಲ್ಲ ತೊಳೆಯುವ ನೀರಿನ ಲೆಕ್ಕ ಆಗ ನಮಗೆ ತಿಳಿಯಿತು. ಕಡ್ಡಿಯ ಉಪಾಹಾರಕ್ಕೆ ತೊಳೆಯಬೇಕಾದ ದೊಡ್ಡ ತಟ್ಟೆಗಳು ಎರಡೇ. ಅವುಗಳ ಮೇಲೆ ಬಾಳೆಯೆಲೆ ಹಾಸಿದರೆ ಆ ಕೆಲಸವೂ ಹಗುರ.

ಕಡ್ಡಿಯ ಆಯ್ಕೆ

ಗೇಣುದ್ದಕ್ಕಿಂತ ಚಿಕ್ಕದಾದ, ಸಿಬಿರಿಲ್ಲದ ಬಿದಿರು ಕಡ್ಡಿಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಕೆಂಡದ ಮೇಲೆ ಸುಡುವುದಾದರೆ ಕಡ್ಡಿ ಹೊತ್ತದಂತೆ ಮೊದಲು ನೀರಿನಲ್ಲಿ ನೆನೆಸಬೇಕು. ತಂಪು ತಿನಿಸಿಗೆ ತೊಳೆದು ಒರೆಸಿದರೆ ಸಾಕು. ತೆಂಗಿನ ಗರಿಯ ಹೊಸ ಕಡ್ಡಿಗಳೂ ಆಗಬಹುದು. ಆದರೆ ಅವನ್ನು ಹೆರೆದು ನಯಮಾಡಿ, ಹತ್ತು ನಿಮಿಷ ಕುದಿಸಿ, ಬಿಸಿಲಿನಲ್ಲಿ ಒಣಗಿಸತಕ್ಕದ್ದು. ಪೊರಕೆಯಿಂದ ಕಿತ್ತ ಕಡ್ಡಿಯಾಗಲಿ, ಊದುಬತ್ತಿಯ ಕಡ್ಡಿಯಾಗಲಿ ಎಂದಿಗೂ ಕೂಡದು.

ಪೋಣಿಸಿದ ಬಳಿಕ ಚೂಪಾದ ತುದಿಯನ್ನು ಕತ್ತರಿಯಿಂದ ಕತ್ತರಿಸಿಬಿಡಿ. ಕತ್ರಿಗುಪ್ಪೆಯವರ ಮನೆಯಲ್ಲಿ ಕತ್ತರಿಗೇನು ಬರವೇ! ಐದು ವರ್ಷದೊಳಗಿನ ಮಕ್ಕಳಿಗೆ ಕಡ್ಡಿಯನ್ನು ಕೊಡಲೇಬೇಡಿ; ತಿನಿಸನ್ನು ಕಳಚಿ ಚಿಕ್ಕ ಬಟ್ಟಲಿನಲ್ಲಿ ಕೊಡಿ. ಇಡೀ ದ್ರಾಕ್ಷಿ ಎಳೆಯ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವಿರುವುದರಿಂದ ಅದನ್ನು ಉದ್ದಕ್ಕೆ ನಾಲ್ಕಾಗಿ ಸೀಳಬೇಕು.

ಮುಂದೆ ಹೇಳುವ ಅಳತೆಗಳು ತಲಾ 12 ಕಡ್ಡಿಗಳಿಗೆ.

ಸೌತೆ - ಕೋಸಂಬರಿ ಕಡ್ಡಿ

ಕಾಲು ಬಟ್ಟಲು ಹೆಸರುಬೇಳೆಯನ್ನು ಒಂದು ಗಂಟೆ ನೆನೆಸಿ ನೀರು ಬಸಿಯಿರಿ. ಅರ್ಧದಷ್ಟನ್ನು ತರಿತರಿಯಾಗಿ ಅರೆದು ಉಳಿದುದರೊಡನೆ ಬೆರೆಸಿರಿ. ಹೀಗೆ ಮಾಡಿದರೆ ಕೋಸಂಬರಿ ಉದುರದೆ ಹಿಡಿದುಕೊಳ್ಳುತ್ತದೆ. ಎರಡು ಚಮಚ ತೆಂಗಿನತುರಿ, ಒಂದು ಹಸಿಮೆಣಸಿನಕಾಯಿ, ಕೊತ್ತಂಬರಿಸೊಪ್ಪು, ಸಾಸಿವೆ - ಇಂಗಿನ ಒಗ್ಗರಣೆ ಸೇರಲಿ. ಎರಡು ಎಳೆಯ ಸೌತೆಕಾಯಿಗಳನ್ನು ಅರ್ಧ ಅಂಗುಲ ದಪ್ಪದ 24 ಬಿಲ್ಲೆಗಳಾಗಿ ಹೆಚ್ಚಿ, ಪ್ರತಿಯೊಂದರ ನಡುವನ್ನೂ ತೂತು ಬೀಳದಂತೆ ಚಮಚದಿಂದ ತೋಡಿರಿ. ಒಂದು ಬಿಲ್ಲೆಗೆ ಕೋಸಂಬರಿ ತುಂಬಿ, ಇನ್ನೊಂದನ್ನು ಮುಚ್ಚಳದಂತೆ ಕವುಚಿ, ಮೇಲೊಂದು ಮಾವಿನಕಾಯಿ ಚೂರನ್ನಿಟ್ಟು ನೆಟ್ಟಗೆ ಕಡ್ಡಿ ಚುಚ್ಚಿರಿ. ಉಪ್ಪನ್ನು ಕೊನೆಯ ಗಳಿಗೆಯಲ್ಲಿಯೇ ಬೆರೆಸಬೇಕು.

ಕಲ್ಲಂಗಡಿ - ಪನೀರ್ ಕಡ್ಡಿ

ಒಂದು ಲೀಟರು ಹಾಲನ್ನು ಕಾಯಿಸಿ, ದೊಡ್ಡದೊಂದು ನಿಂಬೆಹಣ್ಣಿನ ರಸ ಹಿಂಡಿ ಒಡೆಯಿಸಿ, ತೆಳುಬಟ್ಟೆಯಲ್ಲಿ ಸೋಸಿ, ತಣ್ಣೀರಿನಲ್ಲಿ ತೊಳೆದು, ಒಂದು ಗಂಟೆ ಭಾರದ ಕೆಳಗಿಡಿ. ಭಾರ ಸಾಲದಿದ್ದರೆ ಪನೀರ್ ಕಡ್ಡಿಗೆ ನಿಲ್ಲದೆ ಪುಡಿಯಾಗುತ್ತದೆ. ಅದನ್ನು ತಂಪುಪೆಟ್ಟಿಗೆಯಲ್ಲಿಟ್ಟು ಗಟ್ಟಿಯಾದ ಮೇಲೆ ಮುಕ್ಕಾಲು ಅಂಗುಲದ ತುಂಡು ಮಾಡಿರಿ. ಕಲ್ಲಂಗಡಿಯ ಬೀಜ ತೆಗೆದು ಒಂದಂಗುಲದ 24 ತುಂಡುಗಳನ್ನು ಹೆಚ್ಚಿಕೊಳ್ಳಿ. ಕಲ್ಲಂಗಡಿ, ಪುದೀನ, ಪನೀರ್, ಪುದೀನ, ಕಲ್ಲಂಗಡಿ - ಇದು ಪೋಣಿಸುವ ಕ್ರಮ. ಕೊಡುವಾಗ ನಿಂಬೆರಸ, ಮೆಣಸಿನ ಪುಡಿ, ಚಿಟಿಕೆ ಸೈಂಧವ ಲವಣ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಳಕಿಗೆ ತಂದ 'ಅರ್ಕಾ ಮಾಣಿಕ್' ತಳಿಯ ಹಣ್ಣು ಸಿಕ್ಕರೆ ಬಣ್ಣವೂ ಸಿಹಿಯೂ ಚೆನ್ನ.

ಪಾನಕದಲ್ಲಿ ಅದ್ದುವ ಹಣ್ಣಿನ ಕಡ್ಡಿ

ರಾಮನವಮಿಯ ಪಾನಕವನ್ನು ಗಟ್ಟಿಮಾಡಿದರೆ ಸೊಗಸಾದ ಅದ್ದುಗೊಜ್ಜಾಗುತ್ತದೆ. ನೂರು ಗ್ರಾಂ ಬೆಲ್ಲವನ್ನು ಅರ್ಧ ಬಟ್ಟಲು ನೀರಿನಲ್ಲಿ ಕರಗಿಸಿ, ಸೋಸಿ, ಜೇನಿನ ಹದಕ್ಕೆ ಕಾಯಿಸಿರಿ. ಕಾಲು ಚಮಚ ಶುಂಠಿ, ಅರ್ಧ ಚಮಚ ಕಾಳುಮೆಣಸು, ಎರಡು ಏಲಕ್ಕಿ - ಇವುಗಳ ಪುಡಿ ಬೆರೆಸಿ, ತಣಿದ ಮೇಲೆ ನಿಂಬೆರಸ ಹಿಂಡಿರಿ. ತೋತಾಪುರಿ ಮಾವಿನಕಾಯಿ, ಅನಾನಸು, ಬೀಜವಿಲ್ಲದ ಹಸಿರು ದ್ರಾಕ್ಷಿ ಇವನ್ನು ಒಂದರ ಹಿಂದೊಂದು ಪೋಣಿಸಿ ಪಕ್ಕದಲ್ಲಿಡಿ. ನಮ್ಮೂರಿನದೇ ಹೆಮ್ಮೆಯ ಬೆಂಗಳೂರು ನೀಲಿ ದ್ರಾಕ್ಷಿ ಈ ಕೆಲಸಕ್ಕೆ ಒಗ್ಗದು. ಅದರ ತಿರುಳು ಸಿಪ್ಪೆಯಿಂದ ಜಾರಿಕೊಳ್ಳುತ್ತದೆ, ಬೀಜವೂ ಉಂಟು. ಅದನ್ನು ಹಣ್ಣಿನ ರಸಕ್ಕೆ ಮೀಸಲಿಡಿ. 1959ರಲ್ಲಿ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಹಾಪ್‌ಕಾಮ್ಸ್‌ನ ಮಳಿಗೆಗಳಲ್ಲಿ ಋತುಮಾನದ ಈ ಹಣ್ಣುಗಳನ್ನು ವಿಚಾರಿಸಬಹುದು. ಮಧುಮೇಹವಿರುವ ಅತಿಥಿಗಳಿಗೆ ಪಾನಕವನ್ನು ಒತ್ತಾಯಿಸದೆ ಸೌತೆಯ ಕಡ್ಡಿಯನ್ನು ಮುಂದೆ ಮಾಡುವುದು ವಿವೇಕ.

ಗುಂಡಿ ಇಡ್ಲಿ - ತಂಬುಳಿ

ಹಲ್ಲು ಬಾರದ ಅಜ್ಜನಿಗೂ ಒಂದು ಕಡ್ಡಿ ಬೇಕಲ್ಲ! ಬೆಳಗಿನ ತಂಪಿನಲ್ಲಿಯೇ 24 ಗುಂಡಿ ಇಡ್ಲಿಗಳನ್ನು ಬೇಯಿಸಿ ಆರಿಸಿರಿ. ಎರಡು ಇಡ್ಲಿಗಳ ನಡುವೆ ಸಣ್ಣ ಟೊಮೇಟೋ ಇಟ್ಟು ಚುಚ್ಚಿರಿ. ಹದಿನೈದು ದೊಡ್ಡಪತ್ರೆ ಎಲೆ, ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸು - ಇವನ್ನು ತುಪ್ಪದಲ್ಲಿ ಬಾಡಿಸಿ, ಎರಡು ಚಮಚ ತೆಂಗಿನತುರಿಯೊಡನೆ ಅರೆದು, ಒಂದು ಬಟ್ಟಲು ಗಟ್ಟಿ ಮೊಸರಿಗೆ ಬೆರೆಸಿದರೆ ಅದ್ದಿಕೊಳ್ಳಲು ತಂಬುಳಿ ಸಿದ್ಧ.

ನೆನಪಿಡಬೇಕಾದ ಮಾತು

ಹಣ್ಣಿಗೆ ಉಪ್ಪು ಮುಟ್ಟಿದರೆ ಅದು ಒಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ. ಕಾಲು ಗಂಟೆಯಲ್ಲಿ ತಟ್ಟೆ ಕೆರೆಯಾಗುತ್ತದೆ. ಆದಕಾರಣ ಉಪ್ಪು, ನಿಂಬೆ ಎರಡೂ ಕೊನೆಗೆ. ಕಲ್ಲಂಗಡಿಯನ್ನು ಹೆಚ್ಚುವ ಮೊದಲೇ ಹೊರಗಿನಿಂದ ಚೆನ್ನಾಗಿ ತೊಳೆಯಿರಿ; ಇಲ್ಲವಾದರೆ ಸಿಪ್ಪೆಯ ಮೇಲಿನ ಕೊಳೆಯನ್ನು ಚಾಕುವೇ ಒಳಕ್ಕೆ ಒಯ್ಯುತ್ತದೆ. ಹೆಚ್ಚಿದ ಹಣ್ಣು, ಪನೀರ್, ಮೊಸರು ಇವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು; ಬಿಸಿಲು 32 ಡಿಗ್ರಿ ದಾಟಿದ ದಿನ ಒಂದೇ ಗಂಟೆ. ಅರ್ಧವನ್ನು ಮುಂದಿಟ್ಟು, ಉಳಿದರ್ಧವನ್ನು ತಂಪುಪೆಟ್ಟಿಗೆಯಲ್ಲಿಯೇ ಬಿಡಿ. ತಿಂದಾದ ಕಡ್ಡಿಗಳಿಗೆಂದು ಒಂದು ಖಾಲಿ ಲೋಟವನ್ನು ತಟ್ಟೆಯ ಪಕ್ಕದಲ್ಲಿಡುವುದನ್ನು ಮರೆಯದಿರಿ.

ಬೆಳಿಗ್ಗೆ ಇಡ್ಲಿ, ಪಾನಕ, ಪನೀರ್. ಮಧ್ಯಾಹ್ನ ಮೂರು ಗಂಟೆಗೆ ಹೆಚ್ಚುವ ಕೆಲಸ. ಪೋಣಿಸಲು ಮನೆಯ ದೊಡ್ಡ ಮಕ್ಕಳು, ಮತ್ತು ಪತ್ರಿಕೆ ಓದುತ್ತ ಕುಳಿತ ಗಂಡಸರು. ಈ ಕೆಲಸಕ್ಕೆ ಬರುವುದಿಲ್ಲವೆನ್ನಲು ಅವರಿಗೆ ನೆಪವೇ ಇಲ್ಲ! ನಾಲ್ಕೂವರೆಗೆ ಅತಿಥಿಗಳು ಬರುವ ವೇಳೆಗೆ ಒಲೆ ಆರಿರುತ್ತದೆ, ನೀವು ಸೀರೆ ಬದಲಿಸಿರುತ್ತೀರಿ.

ಕಳೆದ ಬೇಸಿಗೆಯಲ್ಲಿ ಆ ಸೋದರತ್ತೆಯ ಮಗಳು ನಮ್ಮ ಮನೆಗೆ ಬಂದಿದ್ದಳು. ತಟ್ಟೆಯನ್ನು ನಡುವೆ ಇಟ್ಟುಕೊಂಡು ಕತ್ತಲಾಗುವವರೆಗೆ ಮಾತನಾಡಿದೆವು. ಅವಳ ತಾಯಿಯ ವಿಷಯ, ಊರ ಮನೆಯ ವಿಷಯ, ನನಗೆ ಗೊತ್ತೇ ಇಲ್ಲದಿದ್ದ ಎಷ್ಟೋ ವಿಷಯಗಳು. ನಾನು ಒಂದು ಬಾರಿಯೂ ಎದ್ದು ಒಳಗೆ ಹೋಗಲಿಲ್ಲ. ಹೊರಡುವಾಗ ಅವಳಿಗೆ ಕುಂಕುಮ ಕೊಟ್ಟು, ಲವಂಗ ಚುಚ್ಚಿದ ವೀಳ್ಯವನ್ನು ಕೈಯಲ್ಲಿಟ್ಟೆ. 'ಇದೂ ಕಡ್ಡಿಯ ತಿಂಡಿಯೇ ಏನು?' ಎಂದು ನಕ್ಕಳು.

ಈ ಭಾನುವಾರ ನಿಮ್ಮ ಮನೆಗೂ ಯಾರಾದರೂ ಬರುವವರಿರಬಹುದು. ಮಾಡಿ ನೋಡಿ, ಮಾಡಿಟ್ಟು, ಅವರ ಜೊತೆಯಲ್ಲಿ ಕುಳಿತುಕೊಳ್ಳಿ.