ಪ್ರತಿಬಿಂಬಗಳ ಸಂರಕ್ಷಣೆ ಮತ್ತು ಕಡತವ್ಯವಸ್ಥೆಯ ಪರಿವರ್ತನೆ

ತಾಡವೋಲೆಯ ಗ್ರಂಥಗಳ ಪ್ರತಿಬಿಂಬಗಳನ್ನು ತೆಗೆದು ಗಣಕಯಂತ್ರದ ಎಸ್‌ಎಸ್‌ಡಿಗಳಲ್ಲಿ ಸಂಗ್ರಹಿಸುವ ಕಾರ್ಯವು ಇಂದು ಅನೇಕ ಭಂಡಾರಗಳಲ್ಲಿ ನಡೆಯುತ್ತಿದೆ. ಇಂತಹ ಸಾಧನವನ್ನು ಯಾವ ಕಡತವ್ಯವಸ್ಥೆಯಲ್ಲಿ, ಅರ್ಥಾತ್ ಯಾವ ಫಾರ್ಮ್ಯಾಟಿನಲ್ಲಿ, ಸಿದ್ಧಪಡಿಸಬೇಕೆಂಬುದು ವಿಚಾರಾರ್ಹವಾಗಿದೆ.

ಕಡತವ್ಯವಸ್ಥೆಯೆಂದರೆ ಸಾಧನದ ಯಾವ ಭಾಗದಲ್ಲಿ ಯಾವ ಕಡತವಿದೆಯೆಂಬುದನ್ನು ದಾಖಲಿಸುವ ಏರ್ಪಾಡು. ಪತ್ರಾಂಕಗಳಿಲ್ಲದೆ ದಾರ ಹರಿದ ಕಟ್ಟಿನಲ್ಲಿ ಗರಿಗಳೆಲ್ಲವೂ ಇದ್ದರೂ ಗ್ರಂಥವು ದೊರೆಯದು. ಈ ಏರ್ಪಾಡು ಕೆಟ್ಟಾಗಲೂ ಹಾಗೆಯೇ.

ಪ್ರಚಲಿತ ವ್ಯವಸ್ಥೆಗಳಲ್ಲಿ ಫ್ಯಾಟ್32 ಬಹುತೇಕ ಎಲ್ಲ ಯಂತ್ರಗಳಿಗೂ ಪರಿಚಿತ. ಆದರೆ 4 ಗಿಗಾಬೈಟ್ ಅಥವಾ ಅದಕ್ಕೆ ಮೀರಿದ ಒಂದು ಕಡತವನ್ನು ಅದು ಧರಿಸದು. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಈ ಮಿತಿಯಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲಿಯೂ ಅದು ನಡೆಯುತ್ತದೆ. ಆದರೆ ಬರವಣಿಗೆಯ ಮುನ್ನ ದಾಖಲೆಯಿಡುವ ‘ಜರ್ನಲ್’ ಎಂಬ ರಕ್ಷಣೆ ಅದರಲ್ಲಿಲ್ಲವಾದ್ದರಿಂದ, ನಡುವೆ ವಿದ್ಯುತ್ತು ನಿಂತರೆ ಅಪಾಯ ಹೆಚ್ಚು. 1993ರ ಎನ್‌ಟಿಎಫ್‌ಎಸ್‌ನಲ್ಲಿಯೂ ಲಿನಕ್ಸ್‌ನ ಎಕ್ಸ್‌ಟಿ4ನಲ್ಲಿಯೂ ಈ ರಕ್ಷಣೆಯುಂಟು. ಮ್ಯಾಕ್ ಯಂತ್ರವು ಎನ್‌ಟಿಎಫ್‌ಎಸ್ ಅನ್ನು ಓದಬಲ್ಲದು. ಬೇರೆ ತಂತ್ರಾಂಶವಿಲ್ಲದೆ ಅದರಲ್ಲಿ ಬರೆಯಲಾರದು.

ಕನ್ನಡದಲ್ಲಿ ಕಡತನಾಮವಿಡುವವರು ಇನ್ನೊಂದಂಶವನ್ನು ಗಮನಿಸಬೇಕು. ಎನ್‌ಟಿಎಫ್‌ಎಸ್‌ನಲ್ಲಿ ಹೆಸರಿಗೆ 255 ಸಂಕೇತಗಳ ಅವಕಾಶವಿದೆ. ಎಕ್ಸ್‌ಟಿ4ನಲ್ಲಿ ಮಿತಿಯು 255 ಬೈಟ್‌ಗಳು. ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟ್ ಬೇಕಾಗುವುದರಿಂದ 85 ಸಂಕೇತಗಳಿಗೆ ಹೆಸರು ಮುಗಿಯುತ್ತದೆ. ಒತ್ತಕ್ಷರ, ಸ್ವರಚಿಹ್ನೆಗಳೂ ಈ ಎಣಿಕೆಗೆ ಸೇರುತ್ತವೆ. ಗ್ರಂಥ, ಕರ್ತೃ, ಪತ್ರಸಂಖ್ಯೆಗಳನ್ನೆಲ್ಲ ಹೆಸರಿನಲ್ಲಿಯೇ ತುಂಬಿದರೆ ನಕಲು ನಡುವೆ ನಿಲ್ಲಬಹುದು.

ಪರಿವರ್ತನೆಯೆಂದೊಡನೆ ದ್ರವ್ಯವು ಧ್ರುವವಾಗಿದ್ದು ಪರ್ಯಾಯವು ಮಾತ್ರ ಬದಲಾಗುವುದೆಂದು ಭಾವಿಸುವುದು ನಮಗೆ ಸಹಜ. ಇಲ್ಲಿ ಸಾಮಾನ್ಯವಾಗಿ ಹಾಗಲ್ಲ. ವಿಂಡೋಸ್‌ನ ‘ಕನ್ವರ್ಟ್’ ಆದೇಶವು ಫ್ಯಾಟ್32ನ್ನು ಕಡತಗಳನ್ನಳಿಸದೆ ಎನ್‌ಟಿಎಫ್‌ಎಸ್ ಮಾಡುತ್ತದೆ. ಆದರೆ ಹಿಂದಿರುಗಲು ಅದರಲ್ಲಿ ಮಾರ್ಗವಿಲ್ಲ, ಎಕ್ಸ್‌ಫ್ಯಾಟ್‌ಗೆ ಅದು ಅನ್ವಯಿಸದು. ಉಳಿದ ಪರಿವರ್ತನೆಗಳಿಗೆ ಸಾಮಾನ್ಯವಾಗಿ ಸಾಧನವನ್ನು ಹೊಸದಾಗಿ ಫಾರ್ಮ್ಯಾಟ್ ಮಾಡಬೇಕು, ಅಂದರೆ ಇದ್ದುದನ್ನು ಅಳಿಸಬೇಕು. ಹಳೆಯ ಕಾಂತೀಯ ತಟ್ಟೆಗಳಲ್ಲಿ ಅಳಿಸಿದುದನ್ನು ತಜ್ಞರು ಎಷ್ಟೋ ವೇಳೆ ಮರಳಿ ಪಡೆಯುತ್ತಿದ್ದರು. ಎಸ್‌ಎಸ್‌ಡಿಯಲ್ಲಾದರೋ ‘ಟ್ರಿಮ್’ ಆದೇಶವು ತಲುಪಿತೆಂದರೆ ಸಾಧನವೇ ಆ ಸ್ಥಾನಗಳನ್ನು ಬರಿದುಮಾಡುತ್ತದೆ. ಮರಳಿ ಪಡೆಯುವ ಆಸೆ ಬಹುಮಟ್ಟಿಗೆ ಇಲ್ಲ.

ಆದುದರಿಂದ ಕ್ರಮವು ಹೀಗಿರತಕ್ಕದ್ದು. ಮೊದಲು ಬೇರೆ ಎರಡು ಸಾಧನಗಳಲ್ಲಿ ನಕಲು ಮಾಡಬೇಕು. ಬಳಿಕ ಪ್ರತಿಯೊಂದು ಕಡತದ ಎಸ್‌ಎಚ್‌ಎ-256 ಮೊತ್ತವನ್ನು ಮೂಲದೊಡನೆ ತಾಳೆನೋಡಬೇಕು. ಒಂದು ಬಿಟ್ ವ್ಯತ್ಯಾಸವಾದರೂ ಮೊತ್ತವು ಬೇರೆಯಾಗುತ್ತದೆ. ಪಾಠಾಂತರವೆಲ್ಲಿದೆಯೆಂದು ಅದು ತೋರಿಸದು, ಇದೆಯೆಂದು ಮಾತ್ರ ಸಾರುತ್ತದೆ. ತಾಳೆಯಾದ ಮೇಲೆಯೇ ಫಾರ್ಮ್ಯಾಟ್. ಕಡತಗಳನ್ನು ಮರಳಿ ತುಂಬಿದ ಮೇಲೆ ಪುನಃ ತಾಳೆ. ಎಸ್‌ಎಸ್‌ಡಿಯು ವಿದ್ಯುದಾವೇಶದಲ್ಲಿ ದತ್ತಾಂಶವನ್ನಿಡುವುದರಿಂದ ವರ್ಷಗಟ್ಟಲೆ ವಿದ್ಯುತ್ತಿಲ್ಲದೆ ಪೆಟ್ಟಿಗೆಯಲ್ಲಿರಿಸುವುದು ಯುಕ್ತವಲ್ಲ. ಒಂದು ಪ್ರತಿಯಾದರೂ ಕಾಂತೀಯ ತಟ್ಟೆಯಲ್ಲಿರಲಿ.

ಸಾರಾಂಶವಿಷ್ಟು: ವಿನಿಮಯದ ಸಾಧನಕ್ಕೆ ಎಕ್ಸ್‌ಫ್ಯಾಟ್, ಭಂಡಾರದ ಸ್ಥಿರಸಂಗ್ರಹಕ್ಕೆ ಅಲ್ಲಿಯ ಯಂತ್ರಕ್ಕೊಪ್ಪುವ ಜರ್ನಲ್‌ಯುಕ್ತ ವ್ಯವಸ್ಥೆ. ಧವಲಾ ಟೀಕೆಯು ಶತಮಾನಗಳ ಕಾಲ ಮೂಡಬಿದಿರೆಯ ಓಲೆಗಳನ್ನೇ ನೆಚ್ಚಿ ಉಳಿದು, ಪ್ರತಿಗಳು ಹೊರಬಂದ ಬಳಿಕವೇ 1939ರಿಂದ ಮುದ್ರಣವನ್ನು ಕಂಡಿತು. ಏಕೈಕ ಪ್ರತಿಯ ಅಪಾಯವನ್ನು ಬಲ್ಲ ನಾವು, ತಾಳೆನೋಡಿದ ಪ್ರತ್ಯಂತರವು ಕೈಸೇರುವವರೆಗೆ ಮೂಲವನ್ನು ಮುಟ್ಟಲಾಗದು.